ಸೈಕಲ್ ಅಂಗಡಿಗಳಿಗೆ ಸಾಹೇಬರ ಪರೀಕ್ಷೆ

ಆ ಮನೆಯಲ್ಲಿ ಹೊಸ ಸೈಕಲ್ಲಿನ ಮಾತು ಎದ್ದದ್ದು ಒಂದು ಭಾನುವಾರ, ಮಧ್ಯಾಹ್ನದ ಊಟದ ಹೊತ್ತಿನಲ್ಲಿ. ಮಾತೆತ್ತಿದವಳು ಹೆಂಡತಿ. ಆಕೆ ದಾದಿ. ಹಾಸಿಗೆ ಬಿಟ್ಟು ಏಳಲಾರದ ರೋಗಿಗಳ ಮನೆಗೇ ಹೋಗಿ ಗಾಯ ತೊಳೆದು, ಪಟ್ಟಿ ಕಟ್ಟಿ, ಎರಡು ಒಳ್ಳೆಯ ಮಾತಾಡಿ ಬರುವುದು ಆಕೆಯ ಕೆಲಸ. ಎಲ್ಲರ ಬಾಯಲ್ಲೂ ಆಕೆ ಸಿಸ್ಟರಮ್ಮ. ಇಷ್ಟು ವರ್ಷ ಬಹುತೇಕ ಸಮತಟ್ಟಾದ ಬೀದಿಗಳಲ್ಲಿ ಓಡಾಡಿಕೊಂಡಿದ್ದ ಸಿಸ್ಟರಮ್ಮನಿಗೆ ಈಗ ಗುಡ್ಡದ ಮೇಲಿನ ಬಡಾವಣೆಯನ್ನು ವಹಿಸಿದ್ದರು. ಮುಂದಿನ ತಿಂಗಳಿನಿಂದ ದಿನಾ ಆ ಏರು ಹತ್ತಬೇಕು. ಇರುವ ಹಳೆಯ ಸೈಕಲ್ಲಿಗೋ ಗೇರೇ ಇಲ್ಲ. ಸಮನೆಲದಲ್ಲೇ ಅದನ್ನು ತುಳಿಯುವ ಹೊತ್ತಿಗೆ ಮೊಣಕಾಲು ದೇವರನ್ನು ನೆನೆಯುತ್ತಿತ್ತು.

"ಒಂದು ಗೇರ್ ಸೈಕಲ್ ಬೇಕು ರೀ. ಮುಂದೆ ಬುಟ್ಟಿ ಇದ್ರೆ ಆಯ್ತು. ಸಾಯಂಕಾಲ ಹೋಗಿ ತಂದ್ಬಿಡೋಣ," ಅಂದಳು.

ಗಂಡ ಚಮಚ ಕೆಳಗಿಟ್ಟ ರೀತಿಯಲ್ಲೇ ಇದು ಸಾಯಂಕಾಲಕ್ಕೆ ಮುಗಿಯುವ ವಿಷಯವಲ್ಲ ಎಂದು ಆಕೆಗೆ ಗೊತ್ತಾಗಿಹೋಯಿತು.

ಗಂಡ ಎಂದರೆ ಸಾಮಾನ್ಯ ಗಂಡನಲ್ಲ. ಊರಿನ ಲಿಫ್ಟ್‌ಗಳನ್ನೆಲ್ಲ ಪರೀಕ್ಷಿಸಿ, ಇದರಲ್ಲಿ ಜನ ಹತ್ತಬಹುದು ಎಂದು ಸಹಿ ಹಾಕುವ ಅಧಿಕಾರಿ! ಹಾಗಾಗಿ ಬಂಧುಬಳಗದಿಂದ ಹಿಡಿದು ಹಾಲು ಹಾಕುವವನವರೆಗೆ ಎಲ್ಲರಿಗೂ ಅವರು ಲಿಫ್ಟ್ ಸಾಹೇಬರು. ತಾವೇ ಸಹಿ ಹಾಕಿದ ಲಿಫ್ಟನ್ನು ಬಿಟ್ಟು ಮೆಟ್ಟಿಲು ಹತ್ತುವುದು ಅವರ ಪದ್ಧತಿ. ಯಾಕೆಂದು ಕೇಳಿದರೆ, "ಸಹಿ ಹಾಕಿದ್ದು ನಿನ್ನೆ. ಇವತ್ತಿನ ಕಥೆ ಯಾರಿಗೆ ಗೊತ್ತು?" ಎನ್ನುತ್ತಿದ್ದರು.

"ತಂದ್ಬಿಡೋಣ!" ಎಂದು ಸಾಹೇಬರು ಹೆಂಡತಿಯ ಮಾತನ್ನೇ ಎತ್ತಿ ಆಡಿದರು. "ಲೇ, ಸೈಕಲ್ ಯಾರು ಬೇಕಾದ್ರೂ ತರ್ತಾರೆ. ಅಂಗಡಿ ಆರಿಸೋದು ಎಲ್ಲರ ಕೈಲಾಗಲ್ಲ. ಸೈಕಲ್ ಕೆಟ್ಟೇ ಕೆಡುತ್ತೆ. ಕೆಟ್ಟಾಗ ಯಾರ ಕೈಗೆ ಕೊಡ್ತೀವಿ? ಅದು ಪ್ರಶ್ನೆ! ಮೊದಲು ಅಂಗಡಿ, ಆಮೇಲೆ ಸೈಕಲ್."

"ಅಂಗಡಿ ಆರಿಸೋಕೆ ಎಷ್ಟು ದಿನ ಬೇಕು?"

"ದಿನದ ಮಾತಾಡ್ಬೇಡ. ಈ ಊರಿನ ಅತ್ಯುತ್ತಮ ಸೈಕಲ್ ಅಂಗಡಿ ಯಾವುದು ಅಂತ ನಾನು ಕಂಡುಹಿಡೀತೀನಿ. ಈ ವಿಷಯದಲ್ಲಿ ನನ್ನ ಕೈಯಿಂದ ತಪ್ಪಾಗೋದು ಸಾಧ್ಯವೇ ಇಲ್ಲ!"

ಸಿಸ್ಟರಮ್ಮ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಮನೆಗೆ ಫ್ಯಾನು ಬರಬೇಕಾದಾಗ ಎರಡು ಬೇಸಿಗೆ ಕಳೆದದ್ದು ಆಕೆಗೆ ಚೆನ್ನಾಗಿ ನೆನಪಿತ್ತು.

ಸಾಹೇಬರ ಪರೀಕ್ಷೆಯ ವಿಧಾನವನ್ನು ಇಲ್ಲಿ ಸ್ವಲ್ಪ ಹೇಳಲೇಬೇಕು. ಲಿಫ್ಟ್ ಕೆಲಸಕ್ಕೆ ಹೊಸ ಮೆಕ್ಯಾನಿಕ್ ಬಂದರೆ ಅವರು ಪ್ರಶ್ನೆ ಕೇಳುತ್ತಿರಲಿಲ್ಲ. ಖಾಲಿ ಲಿಫ್ಟ್ ಒಂದರಲ್ಲಿ ತಾವೇ ಮೊದಲು ಒಂದು ನಟ್ಟು ಸಡಿಲಿಸಿ ಇಟ್ಟು, ಆಮೇಲೆ ಮೆಕ್ಯಾನಿಕ್ಕನ್ನು ಕರೆದು, "ದೀಪ ಮಿನುಗ್ತಾ ಇದೆ, ನೋಡಪ್ಪಾ" ಎನ್ನುತ್ತಿದ್ದರು. ದೀಪವನ್ನಷ್ಟೇ ನೋಡಿದವನು ಫೇಲು. ಹೇಳದೇ ಇದ್ದ ನಟ್ಟನ್ನೂ ಕಂಡುಹಿಡಿದವನು ಪಾಸು. ಇಲಾಖೆಯಲ್ಲಿ ಇದಕ್ಕೆ ಗುಟ್ಟುದೋಷ ಎಂದು ಹೆಸರೇ ಬಿದ್ದಿತ್ತು. ಇಷ್ಟು ಪವಿತ್ರವಾದ ವಿಧಾನ ಕೈಯಲ್ಲಿರುವಾಗ ಸೈಕಲ್ ಅಂಗಡಿಗೆ ಬೇರೆ ವಿಧಾನ ಯಾಕೆ? ಹೆಂಡತಿಯ ಹಳೆಯ ಸೈಕಲ್ಲಿನ ಬ್ರೇಕ್ ಸಡಿಲಿಸಿ, ಬೇರೇನೋ ನೆಪ ಹೇಳಿ ಒಂದೊಂದು ಅಂಗಡಿಗೆ ಒಯ್ಯುವುದು. ಯಾರು ಕೇಳದೆಯೇ ಬ್ರೇಕ್ ನೋಡುತ್ತಾರೋ ಅವರೇ ಗೆದ್ದವರು. ಹೆಂಡತಿಗೆ ಹೇಳಲಿಲ್ಲ. ಪರೀಕ್ಷೆ ಎಂದ ಮೇಲೆ ಗುಟ್ಟು ಗುಟ್ಟಾಗಿಯೇ ಇರಬೇಕು.

ಮೊದಲನೆಯದು ಮುಖ್ಯರಸ್ತೆಯ ಗಾಜಿನ ಅಂಗಡಿ. ಆಕೆಗೆ ರಜೆಯಿದ್ದ ದಿನ ನೋಡಿಕೊಂಡು ಸಾಹೇಬರು ಹಿಂದಿನ ಬ್ರೇಕಿನ ನಟ್ಟು ಸಡಿಲಿಸಿ, ಸೈಕಲ್ಲನ್ನು ತಳ್ಳಿಕೊಂಡೇ ಅಲ್ಲಿಗೆ ಹೋದರು. ಟೈ ಕಟ್ಟಿಕೊಂಡ ಮಾರಾಟಗಾರ ಬಾಗಿಲು ತೆರೆದು ನಿಂತ.

"ಬೆಲ್ ಸರಿಯಾಗಿ ಹೊಡ್ಕೊಳ್ತಾ ಇಲ್ಲ," ಎಂದರು ಸಾಹೇಬರು, ಮುಖದಲ್ಲಿ ಏನನ್ನೂ ತೋರಗೊಡದೆ.

"ಬೆಲ್ ರಿಪೇರಿ ಯಾಕೆ ಸಾರ್? ಹೊಸದೇ ಹಾಕ್ಬಿಡ್ತೀನಿ. ಸೀಟಿಗೆ ಒಂದು ಕವರು? ಕತ್ತಲಲ್ಲಿ ಹೊಳೆಯೋ ಪಟ್ಟಿ? ನೀರಿನ ಬಾಟ್ಲಿ ಇಡೋಕೆ ಒಂದು ಸ್ಟ್ಯಾಂಡು?"

ಟೈ ಮನುಷ್ಯ ಸೈಕಲ್ಲಿನ ಸುತ್ತ ಪ್ರದಕ್ಷಿಣೆ ಹಾಕಿ ಎಲ್ಲವನ್ನೂ ಮುಟ್ಟಿದ, ಬ್ರೇಕೊಂದನ್ನು ಬಿಟ್ಟು. ಹೊಸ ಬೆಲ್ಲಿನ ಸದ್ದಿಗೆ ದಾರಿಯುದ್ದಕ್ಕೂ ನಾಯಿಗಳು ಪಕ್ಕಕ್ಕೆ ಸರಿದವು. ಫೇಲು! ಸಾಹೇಬರು ಮನೆಗೆ ಬಂದು ತಾವೇ ಬ್ರೇಕನ್ನು ಮತ್ತೆ ಬಿಗಿ ಮಾಡಿಟ್ಟರು. ಈ ವಿಷಯದಲ್ಲಿ ಅವರು ಬಹಳ ಜವಾಬ್ದಾರಿಯ ಮನುಷ್ಯರು.

ಎರಡನೆಯ ಅಂಗಡಿ ಸೇತುವೆಯ ಕೆಳಗಿತ್ತು. ನಡೆಸುತ್ತಿದ್ದವನು ಒಬ್ಬ ಮುದುಕ. ಮಾತು ಕಡಿಮೆ, ಅನುಮಾನ ಜಾಸ್ತಿ. ಸಾಹೇಬರು ಮತ್ತೆ ಅದೇ ನಟ್ಟು ಸಡಿಲಿಸಿ ಒಯ್ದು, ಪೆಡಲ್ ಕಿರುಗುಟ್ಟುತ್ತದೆ ಎಂಬ ನೆಪ ಹೇಳಿದರು. ಮುದುಕ ಪೆಡಲಿಗೆ ಎಣ್ಣೆ ಬಿಟ್ಟು, ಹಾಗೇ ಹಿಂದಿನ ಚಕ್ರ ತಿರುಗಿಸಿ ಬ್ರೇಕ್ ಹಿಡಿದು ನೋಡಿದ. ಚಕ್ರ ನಿಲ್ಲಲಿಲ್ಲ. ಸಾಹೇಬರ ಎದೆ ಆನಂದದಿಂದ ಹೊಡೆದುಕೊಂಡಿತು.

"ಇದು ಸವೆದು ಸಡಿಲ ಆಗಿದ್ದಲ್ಲ," ಅಂದ ಮುದುಕ. "ಯಾರೋ ಸ್ಪ್ಯಾನರ್ ಹಾಕಿ ಬಿಚ್ಚಿದ್ದಾರೆ. ನಟ್ಟಿನ ಮೇಲೆ ಹೊಸ ಗೀರು ಇದೆ."

"ಹೌದಾ?" ಎಂದರು ಸಾಹೇಬರು. ಆಶ್ಚರ್ಯಪಡುವ ಅಭ್ಯಾಸ ಅವರಿಗೆ ಇರಲಿಲ್ಲವಾದ್ದರಿಂದ ಅದು ಕೆಮ್ಮಿನ ಹಾಗೆ ಬಂತು.

"ಮನೇಲಿ ಯಾರ್ಯಾರು ಇದ್ದೀರಿ?"

"ನಾನು, ನನ್ನ ಹೆಂಡತಿ. ಇಬ್ಬರೇ."

"ಸೈಕಲ್ ಯಾರದ್ದು?"

"ಹೆಂಡತೀದು."

ಮುದುಕ ಸಾಹೇಬರನ್ನು ಮೇಲಿನಿಂದ ಕೆಳಗೆ ಒಮ್ಮೆ ನೋಡಿದ. ಬಟ್ಟೆಯಲ್ಲಿ ಕೈ ಒರೆಸಿಕೊಂಡ. ಒರೆಸಿದ ಕೈಯನ್ನೇ ಮತ್ತೆ ಒರೆಸಿದ. ಆಮೇಲೆ ಬ್ರೇಕನ್ನು ಎಷ್ಟು ಬಲವಾಗಿ ಬಿಗಿದನೆಂದರೆ ಇನ್ನು ಅದನ್ನು ಬಿಚ್ಚುವವನು ಬೆವರಬೇಕು. ಸಾಹೇಬರಿಗೋ ಆ ನೋಟ ಕಸುಬುದಾರನೊಬ್ಬ ಇನ್ನೊಬ್ಬ ಕಸುಬುದಾರನಿಗೆ ತೋರಿದ ಗೌರವದಂತೆ ಕಂಡಿತು. ಪಾಸು ಎಂದು ಮನಸ್ಸಿನಲ್ಲೇ ಅಂಕ ಕೊಟ್ಟು ಹೊರಟರು.

ಪಾಸಾಯಿತಲ್ಲ, ಅಲ್ಲೇ ಸೈಕಲ್ ಕೊಳ್ಳಬಾರದೇ? ಕೊಂಡಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಸಾಹೇಬರ ಪ್ರಕಾರ ತಮ್ಮ ಬೀದಿಯ ಇಳಿಜಾರಿನ ತುದಿಯಲ್ಲಿ ಇನ್ನೂ ಒಂದು ಅಂಗಡಿ ಇತ್ತು, ಅದನ್ನು ಪರೀಕ್ಷಿಸದೆ ಅತ್ಯುತ್ತಮ ಎಂಬ ಮಾತನ್ನು ಬಳಸುವುದು ಅಧರ್ಮ.

ಈ ನಡುವೆ ಊರಿನಲ್ಲಿ ಬೇರೆಯೇ ಒಂದು ಕೆಲಸ ಸದ್ದಿಲ್ಲದೆ ನಡೆದಿತ್ತು. ಸೈಕಲ್ ಅಂಗಡಿಯವರು ಬೇರೆ ಬೇರೆ ಬೀದಿಯಲ್ಲಿದ್ದರೂ ಒಬ್ಬರಿಂದೊಬ್ಬರು ಚೈನು, ಟ್ಯೂಬು ತರಿಸಿಕೊಳ್ಳುವವರು. ಟ್ಯೂಬಿನ ಜೊತೆ ಸುದ್ದಿಯೂ ಹೋಗುತ್ತದೆ. ಮುದುಕ ಹೇಳಿದ್ದನ್ನು ಕೇಳಿದ ಟೈ ಮನುಷ್ಯನಿಗೆ ಬೆಲ್ಲಿನ ಗಿರಾಕಿ ನೆನಪಾದರು. ಬ್ರೇಕ್ ನೋಡಲಿಲ್ಲ ಎಂದು ಒಪ್ಪಿಕೊಳ್ಳುವುದಾದರೂ ಹೇಗೆ? "ನಾನು ಅವತ್ತೇ ಗಮನಿಸಿದ್ದೆ. ಆ ಮನುಷ್ಯನ ಕಣ್ಣೇ ಸರಿ ಇರ್ಲಿಲ್ಲ," ಎಂದುಬಿಟ್ಟ. ಆ ಸೈಕಲ್ಲನ್ನು ಬೀದಿಯಲ್ಲಿ ಸಿಸ್ಟರಮ್ಮನ ಜೊತೆ ಕಂಡವರೂ ಬೇಕಾದಷ್ಟು ಮಂದಿ ಇದ್ದರು. ಅಲ್ಲಿಗೆ ವಿಷಯ ಖಾತ್ರಿಯಾಯಿತು. ದಾದಿಯ ಗಂಡ ಹೆಂಡತಿಯ ಸೈಕಲ್ಲಿನ ಬ್ರೇಕನ್ನು ಮತ್ತೆ ಮತ್ತೆ ಬಿಚ್ಚುತ್ತಿದ್ದಾನೆ!

ಸಿಸ್ಟರಮ್ಮನ ರೋಗಿಗಳು ಆಕೆಯ ಕೈ ಹಿಡಿದುಕೊಳ್ಳತೊಡಗಿದರು. ಸೊಂಟ ಮುರಿದುಕೊಂಡು ಮಲಗಿದ್ದ ಅಜ್ಜಿಯೊಬ್ಬಳು, "ಮನೇಲಿ ಎಲ್ಲ ಸರಿಯಾಗಿದೆಯಾ ತಾಯಿ? ನನ್ನ ಪಕ್ಕದ ಕೋಣೆ ಖಾಲಿ ಇದೆ," ಎಂದಳು. ಸಿಸ್ಟರಮ್ಮ ಜ್ವರದ ಕನವರಿಕೆ ಇರಬಹುದೆಂದು ಅಜ್ಜಿಯ ಹಣೆ ಮುಟ್ಟಿ ನೋಡಿದಳು.

ಸುದ್ದಿ ಊರಿನ ಆಚೆ ಮಗ್ಗುಲಲ್ಲಿದ್ದ ಆಕೆಯ ತಾಯಿಗೂ ಮುಟ್ಟಿತು. ಒಂದು ಸಂಜೆ ಸಾಹೇಬರ ಅತ್ತೆ ಬಟ್ಟೆಯ ಚೀಲ ಹಿಡಿದು ಬಾಗಿಲಲ್ಲಿ ನಿಂತರು.

"ಏನಮ್ಮಾ ಇದ್ದಕ್ಕಿದ್ದ ಹಾಗೆ?" ಎಂದು ಮಗಳು ಕೇಳಿದಳು.

"ಯಾಕೆ, ಬರಬಾರದಾ? ಸ್ವಲ್ಪ ದಿನ ಇರ್ತೀನಿ," ಎಂದು ಅಳಿಯನ ಮುಖವನ್ನೇ ನೋಡುತ್ತ ಹೇಳಿದರು.

ಸಾಹೇಬರು ಒಳ್ಳೆಯ ಅಳಿಯ. ತಾವೇ ಚಹಾ ಮಾಡಿ ತಂದರು. ಅತ್ತೆ ಮಗಳ ಕೈಯಿಂದ ಲೋಟ ಕಿತ್ತುಕೊಂಡು, ಮೂಸಿ, ಒಂದು ಗುಟುಕು ಕುಡಿದು, ಕಣ್ಣು ಮುಚ್ಚಿ ಕೂತರು. ತಾವಿನ್ನೂ ಬದುಕಿದ್ದೇವೆ ಎಂದು ಖಾತ್ರಿಯಾದ ಮೇಲೆ ಲೋಟವನ್ನು ಮಗಳಿಗೆ ಕೊಟ್ಟರು.

"ಸಕ್ಕರೆ ಕಡಿಮೆ ಆಯ್ತಾ ಅತ್ತೆ?"

"ಸಕ್ಕರೆ ಸರಿ ಇದೆ. ಸಕ್ಕರೆ ವಿಷಯ ಅಲ್ಲ."

ವಯಸ್ಸಾಯಿತು ಪಾಪ ಎಂದುಕೊಂಡು ಸಾಹೇಬರು ತಮ್ಮ ಲೋಟ ಮುಗಿಸಿದರು. ಅವರ ತಲೆಯಲ್ಲಿದ್ದದ್ದು ಮೂರನೆಯ ಪರೀಕ್ಷೆ.

ಆ ಪರೀಕ್ಷೆಯ ದಿನ ಶನಿವಾರ. ಹೆಂಡತಿಗೆ ರಜೆ. ಎರಡನೆಯ ಅಂಗಡಿ ಹಿಂದಿನ ಬ್ರೇಕನ್ನು ಕಂಡುಹಿಡಿದಾಗಿತ್ತಲ್ಲ, ಆದ್ದರಿಂದ ಮೂರನೆಯದಕ್ಕೆ ಪ್ರಶ್ನೆಪತ್ರಿಕೆ ಸ್ವಲ್ಪ ಕಠಿಣವಿರಲಿ ಎಂದು ಸಾಹೇಬರು ಹಿಂದಿನದನ್ನೂ ಮುಂದಿನದನ್ನೂ ಎರಡನ್ನೂ ಸಡಿಲಿಸಿದರು. ಮುದುಕ ಬಿಗಿದಿದ್ದ ನಟ್ಟು ಅವರನ್ನು ನಿಜವಾಗಿಯೂ ಬೆವರಿಸಿತು. ಬೆವರಿದ ಅಂಗಿಯಲ್ಲಿ ಪರೀಕ್ಷಾಧಿಕಾರಿ ಹೋಗುವುದು ಚೆನ್ನಾಗಿರದು ಎಂದು ಸೈಕಲ್ಲನ್ನು ಬಾಗಿಲ ಹೊರಗೆ ಬಿಟ್ಟು, ಅಂಗಿ ಬದಲಿಸಲು ಒಳಗೆ ಹೋದರು.

ಒಳಗೆ ಫೋನು ಹೊಡೆದುಕೊಂಡದ್ದು ಅವರಿಗೆ ಕೇಳಿಸಿತು. ಹೆಂಡತಿ, "ರಕ್ತ ಬರ್ತಾ ಇದೆಯಾ? ಪಟ್ಟಿ ಒತ್ತಿ ಹಿಡ್ಕೊಳ್ಳಿ, ಬಂದೆ," ಎಂದದ್ದೂ ಕೇಳಿಸಿತು. ಆ ಮಾತಿಗೂ ಬಾಗಿಲ ಹೊರಗಿನ ಸೈಕಲ್ಲಿಗೂ ಇರುವ ಸಂಬಂಧ ಮಾತ್ರ ಕೊನೆಯ ಗುಂಡಿ ಹಾಕಿಕೊಳ್ಳುವಾಗ ಹೊಳೆಯಿತು. ಹೊಸ ಬೆಲ್ಲಿನ ಸದ್ದು ಆಗಲೇ ಬೀದಿಯಲ್ಲಿ ದೂರವಾಗುತ್ತಿತ್ತು.

ಸಾಹೇಬರು ಓಡಿದರು. ಮದುವೆಯಾದಾಗಿನಿಂದ ಯಾರೂ ಅವರು ಓಡಿದ್ದನ್ನು ಕಂಡಿರಲಿಲ್ಲ. ಬಿಗಿ ಮಾಡಬೇಕಾಗಬಹುದು ಎಂಬ ಒಂದೇ ಯೋಚನೆಯಲ್ಲಿ ಕೈಗೆ ಸಿಕ್ಕ ಸ್ಪ್ಯಾನರನ್ನು ಎತ್ತಿಕೊಂಡಿದ್ದರು. ಮನೆಯಿಂದ ಸ್ವಲ್ಪ ದೂರಕ್ಕೆ ಬೀದಿ ಇಳಿಜಾರಾಗುತ್ತದೆ. ಅಲ್ಲಿಗೆ ಮುಟ್ಟುವ ಮೊದಲು ಅವಳನ್ನು ನಿಲ್ಲಿಸಬೇಕು. ಇಲ್ಲದಿದ್ದರೆ! ಆ ಇಲ್ಲದಿದ್ದರೆಯ ಮುಂದೆ ಅವರ ಮನಸ್ಸು ಹೋಗಲು ಒಪ್ಪಲಿಲ್ಲ.

"ನಿಲ್ಲೇ! ನಿಲ್ಲು!" ಎಂದು ಕೂಗಿದರು. ಸ್ಪ್ಯಾನರ್ ಇದ್ದ ಕೈಯನ್ನೇ ಎತ್ತಿ ಬೀಸಿದರು.

ಕಿಟಕಿಯಲ್ಲಿ ಅತ್ತೆಯ ತಲೆ ಕಾಣಿಸಿತು. "ಅಯ್ಯೋ, ಹಿಡ್ಕೊಳ್ಳಿ! ನಮ್ಮ ಅಳಿಯಂದಿರು ಮಗಳನ್ನ ಅಟ್ಟಿಸ್ಕೊಂಡು ಹೋಗ್ತಿದ್ದಾರೆ! ಯಾರಾದ್ರೂ ಹಿಡ್ಕೊಳ್ಳಿ ಅವರನ್ನ!" ಎಂದು ಕೂಗಿದರು. ಅಂಥ ಹೊತ್ತಿನಲ್ಲೂ ಅಳಿಯನಿಗೆ ಬಹುವಚನ ತಪ್ಪಿಸಲಿಲ್ಲ.

ಬೀದಿಯಲ್ಲಿದ್ದವರು ತಿರುಗಿ ನೋಡಿದರು. ಮುಂದೆ ಸೈಕಲ್ಲಿನ ಮೇಲೆ ಸಿಸ್ಟರಮ್ಮ. ಹಿಂದೆ ಸ್ಪ್ಯಾನರ್ ಎತ್ತಿ ಹಿಡಿದು, ಒಂದು ಕಾಲಿನ ಚಪ್ಪಲಿ ಕಳೆದುಕೊಂಡು, ಕೆಂಪು ಮುಖದಲ್ಲಿ ಓಡಿ ಬರುತ್ತಿರುವ ಗಂಡ. ಇಷ್ಟು ದಿನ ಕಿವಿಯಿಂದ ಕೇಳಿದ್ದು ಈಗ ಕಣ್ಣೆದುರಿಗೇ ನಡೆಯುತ್ತಿತ್ತು! ಬೀದಿ ಮುಖ್ಯರಸ್ತೆಯನ್ನು ದಾಟುವ ಮೂಲೆಯ ಗಾಜಿನ ಅಂಗಡಿಯಿಂದ ಟೈ ಮನುಷ್ಯ ಹಾರಿ ಬಂದು ಸಾಹೇಬರ ಸೊಂಟ ಹಿಡಿದುಕೊಂಡ.

"ಎಲ್ಲಿಗೆ ಸಾರ್, ಸ್ಪ್ಯಾನರ್ ಹಿಡ್ಕೊಂಡು?"

"ಬಿಡ್ರೀ ನನ್ನ! ಅವಳ ಬ್ರೇಕ್ ಹಿಡಿಯಲ್ಲ!"

"ಅದು ನಿಮಗೆ ಹೇಗೆ ಗೊತ್ತು?"

ಇಡೀ ವೃತ್ತಿಜೀವನದಲ್ಲಿ ಇಷ್ಟು ಸರಿಯಾದ ಪ್ರಶ್ನೆಯನ್ನು ಸಾಹೇಬರಿಗೆ ಯಾರೂ ಕೇಳಿರಲಿಲ್ಲ. ಅಷ್ಟರಲ್ಲಿ ಕೆಳಗಿನಿಂದ ದಡದಡ ಸದ್ದು ಕೇಳಿಸಿತು. ಆಮೇಲೆ ಏನೂ ಕೇಳಿಸಲಿಲ್ಲ. ಸಾಹೇಬರು ತಮ್ಮನ್ನು ಹಿಡಿದಿದ್ದವನನ್ನೂ ಎಳೆದುಕೊಂಡೇ ಓಡಿದರು.

ಅತ್ತ ಕೆಳಗೆ ನಡೆದದ್ದು ಇಷ್ಟು. ಸಿಸ್ಟರಮ್ಮ ಇಳಿಜಾರಿನ ನಡುವೆ ಬ್ರೇಕ್ ಹಿಡಿದಳು. ಹಿಡಿಯಲಿಲ್ಲ. ಇನ್ನೊಂದನ್ನು ಹಿಡಿದಳು. ಅದೂ ಹಿಡಿಯಲಿಲ್ಲ. ಗಾಬರಿಯಾಗುವ ಕೆಲಸವನ್ನು ಆಕೆ ಯಾವತ್ತೂ ರೋಗಿಯ ಕಡೆಯವರಿಗೆ ಬಿಟ್ಟವಳು. ಕಾಲು ಎರಡನ್ನೂ ನೆಲಕ್ಕೆ ಒತ್ತಿ ಉಜ್ಜುತ್ತ, ಗೋಡೆ ಬೇಡ, ಕಂಬ ಬೇಡ ಎಂದು ಆರಿಸುತ್ತ, ಇಳಿಜಾರಿನ ತುದಿಯ ಸೈಕಲ್ ಅಂಗಡಿಯ ಮುಂದೆ ಒಟ್ಟಿದ್ದ ಟೈರುಗಳ ರಾಶಿಗೆ ನೇರವಾಗಿ ನುಗ್ಗಿದಳು. ಟೈರುಗಳು ನಾಲ್ಕು ದಿಕ್ಕಿಗೆ ಉರುಳಿದವು. ಅದು ಸಾಹೇಬರ ಮೂರನೆಯ ಅಂಗಡಿ. ಮಾಲೀಕಳಿಗೆ ಊರೆಲ್ಲ ಟೈರಕ್ಕ ಎನ್ನುತ್ತಿತ್ತು. ಮೈಯೂ ದೊಡ್ಡದು, ಗಂಟಲೂ ದೊಡ್ಡದು.

ಸಾಹೇಬರು ತಲುಪಿದಾಗ ಹೆಂಡತಿ ಒಂದು ಟೈರಿನ ಮೇಲೆ ಕೂತಿದ್ದಳು. ಮೊಣಕೈ ತರಚಿತ್ತು. ಟೈರಕ್ಕ ನೀರು ಕುಡಿಸುತ್ತಿದ್ದಳು. ಅವಳು ಕೂತಿದ್ದಾಳೆ, ನೀರು ಕುಡಿಯುತ್ತಿದ್ದಾಳೆ, ತಮ್ಮನ್ನು ನೋಡುತ್ತಿದ್ದಾಳೆ ಎಂದು ಕಂಡದ್ದೇ ತಡ, ಸಾಹೇಬರು ನೆಲದ ಮೇಲೇ ಕೂತುಬಿಟ್ಟರು. ಕಣ್ಣಲ್ಲಿ ನೀರು ಬಂತು. ಸುತ್ತ ಜನ ಸೇರಿದ್ದರು. ಕೊನೆಯವರಾಗಿ ಅತ್ತೆಯೂ ಏದುಸಿರು ಬಿಡುತ್ತ ಬಂದು ಸೇರಿಕೊಂಡರು.

ಟೈರಕ್ಕ ಬಗ್ಗಿ ಸೈಕಲ್ ಎತ್ತಿ ನೋಡಿದಳು. "ಎರಡೂ ಬಿಚ್ಚಿದೆ. ಯಾರು ಮಾಡಿದ್ದು ಈ ಕೆಲಸ?" ಎಂದು ಬೀದಿಗೆಲ್ಲ ಕೇಳುವ ಹಾಗೆ ಕೇಳಿದಳು.

"ನಾನೇ," ಎಂದರು ಸಾಹೇಬರು.

ಜನ ಇನ್ನಷ್ಟು ಹತ್ತಿರ ಬಂದರು.

"ಪರೀಕ್ಷೆಗೆ," ಎಂದು ಸಣ್ಣ ದನಿಯಲ್ಲಿ ಸೇರಿಸಿದರು.

"ಯಾರ ಪರೀಕ್ಷೆಗೆ?"

"ನಿಮ್ಮ ಪರೀಕ್ಷೆಗೆ. ನೀವು ಕಂಡುಹಿಡೀತೀರಾ ಅಂತ. ಒಳ್ಳೆ ಅಂಗಡಿ ಯಾವುದು ಅಂತ ನೋಡಿ, ಆಮೇಲೆ ಅಲ್ಲೇ ಇವಳಿಗೆ ಹೊಸ ಸೈಕಲ್..."

ಇದನ್ನು ಯಾರೂ ನಂಬಲಿಲ್ಲ. ಅತ್ತೆ ಮುಂದೆ ಬಂದು, "ಸಾಕು, ನಡಿ ಮಗಳೇ ನಮ್ಮನೆಗೆ. ಇವರು ನಿನ್ನ ಜೀವ ತೆಗೀತಾರೆ ಅಂತ ಊರೆಲ್ಲ ಮಾತಾಡ್ಕೊಳ್ತಾ ಇದೆ," ಎಂದು ಅತ್ತೇಬಿಟ್ಟರು.

ಸಿಸ್ಟರಮ್ಮನಿಗೆ ಅಜ್ಜಿಯ ಖಾಲಿ ಕೋಣೆ, ಮೂಸಿ ನೋಡಿದ ಚಹಾ, ಎಲ್ಲ ಒಮ್ಮೆಗೇ ಅರ್ಥವಾಯಿತು. ಗಂಡನನ್ನು ನೋಡಿದಳು. ಗಂಡ ತಲೆ ತಗ್ಗಿಸಿದ್ದರು.

"ಅಮ್ಮಾ, ಅಳಬೇಡ," ಅಂದಳು. "ನನ್ನ ಕೊಲ್ಲಬೇಕು ಅಂದ್ರೆ ಇವರು ಮೊದಲು ಹಗ್ಗ ತರಬೇಕು. ಹಗ್ಗ ತರೋಕೆ ಮುಂಚೆ ಊರಲ್ಲಿ ಒಳ್ಳೆ ಹಗ್ಗದಂಗಡಿ ಯಾವುದು ಅಂತ ಆರಿಸಬೇಕು. ಅಷ್ಟರಲ್ಲಿ ನಾನು ಮುದುಕಿಯಾಗಿ ತಾನಾಗೇ ಸತ್ತಿರ್ತೀನಿ!"

ಮೊದಲು ನಕ್ಕವಳು ಟೈರಕ್ಕ. ಆಮೇಲೆ ಇಡೀ ಬೀದಿ ನಕ್ಕಿತು. ಟೈ ಮನುಷ್ಯ ಮಾತ್ರ ಸದ್ದಿಲ್ಲದೆ ಹಿಂದಕ್ಕೆ ಸರಿದ. ಪರೀಕ್ಷೆ ಎಂದರೇನೆಂದು ಅವನಿಗೆ ಈಗ ತಿಳಿದಿತ್ತು, ತನ್ನ ಫಲಿತಾಂಶವೂ ತಿಳಿದಿತ್ತು. ಸಿಸ್ಟರಮ್ಮ ನಗಲಿಲ್ಲ. ರೋಗಿಗೆಂದು ತಂದಿದ್ದ ಔಷಧಿಯ ಚೀಲ ತೆರೆದು ತನ್ನ ಮೊಣಕೈಗೆ ತಾನೇ ಔಷಧಿ ಹಚ್ಚಿಕೊಂಡಳು. ಗಂಡನ ಬರಿಗಾಲಿನ ಹೆಬ್ಬೆರಳಿನಿಂದ ರಕ್ತ ಬರುತ್ತಿತ್ತು. ಅದನ್ನೂ ತೊಳೆದು ಪಟ್ಟಿ ಕಟ್ಟತೊಡಗಿದಳು.

"ನೀನು ಬಿದ್ದಿದ್ರೆ ನಾನೇನು ಮಾಡ್ಲಿ?" ಎಂದರು ಸಾಹೇಬರು.

"ಬಿದ್ದಾಯ್ತಲ್ಲ. ಕಾಲು ಅಲ್ಲಾಡಿಸ್ಬೇಡಿ."

ಪಟ್ಟಿ ಕಟ್ಟಿ ಎದ್ದವಳೇ ಅಂಗಡಿಯೊಳಗೆ ಹೋದಳು. ಹೋದಷ್ಟೇ ಬೇಗ ಹೊರಗೆ ಬಂದಳು, ಬುಟ್ಟಿಯಿದ್ದ ಒಂದು ನೀಲಿ ಗೇರ್ ಸೈಕಲ್ಲಿನ ಜೊತೆ. ಟೈರಕ್ಕ ಹಿಂದೆಯೇ ಬಂದು ಒಂದು ಸರಪಳಿಯನ್ನೂ ಬೀಗವನ್ನೂ ಬುಟ್ಟಿಗೆ ಹಾಕಿ, "ಇದು ನನ್ನ ಕಡೆಯಿಂದ ಸಿಸ್ಟರಮ್ಮ," ಎಂದಳು. ಸಾಹೇಬರಿಗೆ ತಡೆಯಲಾಗಲಿಲ್ಲ.

"ಇಷ್ಟು ಬೇಗ ಆರಿಸಿಬಿಟ್ಯಾ? ಅಂಗಡಿ ಒಳ್ಳೇದು ಅಂತ ಹೇಗೆ ಗೊತ್ತಾಯ್ತು?"

"ನಾನು ನುಗ್ಗಿದಾಗ ಆಯಮ್ಮ ಮೊದಲು ನನ್ನ ಎತ್ತಿದ್ರು, ಆಮೇಲೆ ಟೈರು ಎತ್ತಿದ್ರು. ಇನ್ನೇನು ಬೇಕು?" ಎಂದು ಸಿಸ್ಟರಮ್ಮ ಹೊಸ ಸೈಕಲ್ ಹತ್ತಿ, ಪಟ್ಟಿ ಒತ್ತಿ ಹಿಡಿದು ಕಾದಿದ್ದ ರೋಗಿಯ ಮನೆಗೆ ಹೊರಟುಹೋದಳು. ಹಳೆಯದನ್ನು ಮನೆಗೆ ತಳ್ಳಿಕೊಂಡು ಹೋಗುವ ಕೆಲಸ ಸಾಹೇಬರ ಪಾಲಿಗೆ ಬಂತು. ಕುಂಟುತ್ತ, ಏರು ಬೀದಿಯಲ್ಲಿ, ಅತ್ತೆಯ ಕಾವಲಿನಲ್ಲಿ ತಳ್ಳಿದರು.

ಸಂಜೆ ಹೆಂಡತಿ ಬಂದಳು. ಹೊಸ ಸೈಕಲ್ಲನ್ನು ಹೊರಗೆ ನಿಲ್ಲಿಸದೆ ನಡುಮನೆಗೆ ತಂದು, ಮುಂಬಾಗಿಲ ಚಿಲಕ ಹಾಕಿದಳು. ಆಮೇಲೆ ಸರಪಳಿಯನ್ನು ಎರಡೂ ಚಕ್ರಗಳಿಗೆ ಸುತ್ತಿ, ಬ್ರೇಕಿನ ಮೇಲೂ ಒಂದು ಸುತ್ತು ತಂದು, ಬೀಗ ಹಾಕಿ, ಕೀಲಿಯನ್ನು ತಾಯಿಯ ಕೈಗೆ ಕೊಟ್ಟಳು. ಕುರ್ಚಿಯ ಮೇಲೆ ಕಾಲು ಚಾಚಿ ಕೂತಿದ್ದ ಸಾಹೇಬರು ಇದನ್ನೆಲ್ಲ ನೋಡಿದರು. ಬೆಳಗಿನಿಂದ ಕಳೆದುಕೊಂಡಿದ್ದ ಗಾಂಭೀರ್ಯವನ್ನು ಸ್ವಲ್ಪ ಕೂಡಿಸಿಕೊಂಡು ಕೇಳಿದರು.

"ಮನೆ ಒಳಗೂ ಬೀಗ ಯಾಕೆ? ಚಿಲಕ ಹಾಕಿದ್ದೀಯಲ್ಲ, ಕಳ್ಳ ಹೇಗೆ ಬರ್ತಾನೆ?"

"ಕಳ್ಳನ ಭಯ ಇಲ್ಲ ರೀ," ಅಂದಳು ಸಿಸ್ಟರಮ್ಮ. "ಕಳ್ಳ ಸೈಕಲ್ ತಗೊಂಡು ಹೋಗ್ತಾನೆ ಅಷ್ಟೆ. ಬ್ರೇಕ್ ಬಿಚ್ಚಿಟ್ಟು ಇಲ್ಲೇ ಕೂತಿರಲ್ಲ."